ಉಳಿಯಣ್ಣ ಕೆತ್ತಿದ ಒಂದೇ ಮಾತು

ಊರೆಲ್ಲ ಅವನನ್ನು ಉಳಿಯಣ್ಣ ಎಂದೇ ಕರೆಯುತ್ತಿತ್ತು. ಮರಗೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಕೈ ಎಂದೂ ತಪ್ಪಿದ್ದಿಲ್ಲ, ತಪ್ಪುತ್ತಿದ್ದದ್ದು ಬಾಯಿ.

ಗುಡ್ಡದ ಕಾಲುದಾರಿ ಶುರುವಾಗುವಲ್ಲಿ ನಡೆಯಲು ಬರುವವರಿಗೆಂದು ನೆರಳಿಗೆ ಚಪ್ಪರ, ಕಲ್ಲುಬೆಂಚು, ಮರದ ಹೆಬ್ಬಾಗಿಲು ಆಗುತ್ತಿದ್ದವು. "ಬಾಗಿಲ ಮೇಲೆ ಗುಡ್ಡದ ಮೂಲದವರ ಮಾತಲ್ಲೇ 'ಬನ್ನಿ' ಅಂತ ಕೆತ್ತಬೇಕು. ನಿಮ್ಮ ತಾಯಿ ಅವರ ಪೈಕಿನೇ ಅಲ್ವಾ? ಗೊತ್ತಿದ್ಯಾ?" ಎಂದು ಇಂಜಿನಿಯರ್ ಮೇಡಂ ಕೇಳಿದರು.

ತಾಯಿ ತೀರಿಕೊಂಡಾಗ ಅವನಿಗೆ ಎಂಟು ವರ್ಷ. ಆ ಭಾಷೆಯಲ್ಲಿ ಹತ್ತು ಮಾತೂ ಬರುತ್ತಿರಲಿಲ್ಲ. ಆದರೂ ಜಂಬ ಬಿಡಬೇಕಲ್ಲ! "ಗೊತ್ತಿಲ್ದೆ ಏನು ಮೇಡಂ?" ಎಂದವನೇ, ಅಮ್ಮನ ಬಾಯಲ್ಲಿ ಕೇಳಿ ನೆನಪಿದ್ದ ಒಂದು ಕರೆಯನ್ನು ಹಲಗೆಗೆ ಇಳಿಸಿದ: ಊಲೆಬಾ.

ಉದ್ಘಾಟನೆಯ ದಿನ ಬೆಳಿಗ್ಗೆ ಹಲಗೆಗೆ ಎಣ್ಣೆ ಸವರುತ್ತಿದ್ದಾಗ ಅವನಿಗೊಂದು ಅನುಮಾನ ಹೊಕ್ಕಿತು. ಅಮ್ಮ ಈ ಮಾತನ್ನು ಮನೆಗೆ ಬಂದ ನೆಂಟರಿಗೆ ಯಾವತ್ತಾದರೂ ಹೇಳಿದ್ದಳೇ? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಮೊದಲು ಒಳಗೆ ಕಾಲಿಡಬೇಕಾದವಳು ಅವಳ ಅಕ್ಕ, ಅವನ ದೊಡ್ಡಮ್ಮ. ನಲವತ್ತು ವರ್ಷದ ಹಿಂದೆ ಸರ್ಕಾರ ಗುಡ್ಡದಿಂದ ಇಳಿಸಿದ ಜನಕ್ಕೆ ಈಗ ಅವಳೇ ಹಿರಿಯಳು. "ನಮ್ಮ ಮಾತನ್ನ ಕೆಡಿಸಿದ್ರೆ ಹಾಗೇ ವಾಪಸ್ ಹೋಗ್ತೀನಿ" ಎಂದು ಮೊದಲೇ ಹೇಳಿದ್ದಳು. ಅವಳು ತಿರುಗಿದರೆ ಅವಳ ಜೊತೆ ಬಸ್ಸಿನ ತುಂಬ ಬರುವವರೂ ತಿರುಗುತ್ತಾರೆ, ಅವನು ಅವರಿಗೆ ಮತ್ತೆ ಮುಖ ತೋರಿಸುವಂತಿಲ್ಲ.

ಬಸ್ಸು ಬಂತು. ದೊಡ್ಡಮ್ಮನಿಗೆ ಓದಲು ಬಾರದು. ಬಾಗಿಲ ಮುಂದೆ ಕೋಲೂರಿ ನಿಂತಳು.

"ಏನು ಕೆತ್ತಿದ್ದೀಯೋ? ಓದು."

"ಊ... ಊಲೆಬಾ."

ದೊಡ್ಡಮ್ಮ ಅವನ ಮುಖವನ್ನೇ ನೋಡಿದಳು.

"ಇದು ನೆಂಟರಿಗೆ ಹೇಳೋದಲ್ಲ ಕಣೋ, ಪೆದ್ದ. ಹೊರಗೆ ಹೋದ ಮಕ್ಕಳನ್ನ ಮನೆಗೆ ಕರೆಯೋದು."

ಮೇಡಂ ಮುಖ ಬಿಳಿಚಿತು. ಉಳಿಯಣ್ಣ ನಾಚಿಕೆಯಿಂದ ಕುಗ್ಗಿಹೋದ. "ತಪ್ಪಾಯ್ತು ದೊಡ್ಡಮ್ಮ, ಈಗಲೇ ಕೆರೆದುಬಿಡ್ತೀನಿ" ಎನ್ನುತ್ತ ಚೀಲದಿಂದ ಉಳಿ ತೆಗೆದ, ಏಣಿಗೆ ಕಾಲಿಟ್ಟ.

ದೊಡ್ಡಮ್ಮ ಅವನ ಮಣಿಕಟ್ಟು ಹಿಡಿದಳು. ಮುದುಕಿಯ ಹಿಡಿತ ಬಿಗಿಯಾಗಿತ್ತು.

"ಮುಟ್ಟಬೇಡ. ನಲವತ್ತು ವರ್ಷ ಆಯ್ತು, ಈ ಗುಡ್ಡಕ್ಕೆ ನಮ್ಮನ್ನ ಯಾರೂ ಹೀಗೆ ಕರೆದಿಲ್ಲ. ನೆಂಟರಿಗೆ ಬೇರೆ ಹಲಗೆ ಮಾಡು, ಮಾತು ನಾನು ಹೇಳ್ತೀನಿ. ಇದನ್ನ ಇನ್ನೊಂದು ಸಲ ಓದು. ನಿಮ್ಮಮ್ಮ ಕೂಗ್ತಿದ್ಳಲ್ಲ, ಹಾಗೆ."

ಅವನು ದನಿ ಎತ್ತಿ ಕೂಗಿದ.

"ಬಂದೆ" ಎಂದು ದೊಡ್ಡಮ್ಮ ಒಳಗೆ ಕಾಲಿಟ್ಟಳು.