ಫ್ಯಾಕ್ಸ್ ಖಾನೆಯಲ್ಲಿದ್ದ ಕುರಿಮಂದೆ

ನಮ್ಮ ನಾಲ್ಕು ತಾಲ್ಲೂಕಿನ ಕುರಿಯವರಲ್ಲಿ ಒಬ್ಬರ ಮನೆಯಲ್ಲೂ ಫ್ಯಾಕ್ಸ್ ಯಂತ್ರವಿರಲಿಲ್ಲ. ಆದರೂ ಕುರಿ ಸಾಕುವವರ ಸಂಘದ ಕಂಪ್ಯೂಟರಿನಲ್ಲಿ ಪ್ರತಿ ಸದಸ್ಯರ ಹೆಸರಿನ ಮುಂದೆ ಫ್ಯಾಕ್ಸ್ ನಂಬರಿಗೆಂದು ಉದ್ದನೆಯ ಖಾನೆಯೊಂದಿತ್ತು. ಮಧುಗಿರಿಯ ಮಳಿಗೆಯಲ್ಲಿ ಔಷಧಿ, ಲಸಿಕೆ, ಹಿಂಡಿ, ಬೂಸಾಗಳ ದಾಸ್ತಾನು ನೋಡಿಕೊಳ್ಳುವವಳು ನಾನು. ಖಾಲಿ ಖಾನೆ ಕಂಡರೆ ನನಗೆ ಸುಮ್ಮನಿರಲಾಗದು. ಯಾರ ಮಂದೆ ಸದ್ಯ ಯಾರ ಹೊಲದಲ್ಲಿದೆ, ಆ ಹೊಲದವರ ಫೋನ್ ನಂಬರ್ ಏನು ಎಂದು ಅದರಲ್ಲಿ ಬರೆಯತೊಡಗಿದೆ.

ಸುಗ್ಗಿ ಮುಗಿದ ಮೇಲೆ ಕುರಿಯವರು ಊರಲ್ಲಿ ಸಿಗುವುದಿಲ್ಲ. ಕೊಯ್ಲಾದ ಹೊಲದಲ್ಲಿ ನಾಲ್ಕು ದಿನ ಕುರಿ ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಆಮೇಲೆ ಇನ್ನೊಂದು ಹೊಲ. ಹೀಗೆ ಮಳೆ ಬರುವ ತನಕ ತಿರುಗಾಟ. ನಮಗೋ, ಮೊದಲ ಮಳೆಗೆ ಮುಂಚೆ ಅವರೆಲ್ಲ ಎಲ್ಲಿದ್ದಾರೆಂದು ಗೊತ್ತಿರಲೇಬೇಕು. ಎಳೆ ಹುಲ್ಲು ಚಿಗುರಿದ ಹೊತ್ತಿಗೆ ಬರುವ ಕರುಳುಬೇನೆ ಬೆಳಗ್ಗೆ ಚೆನ್ನಾಗಿದ್ದ ಕುರಿಯನ್ನು ಸಂಜೆಯೊಳಗೆ ಕೆಡವುತ್ತದೆ. ಅದಕ್ಕೆ ಮದ್ದಿಗಿಂತ ಮುಂಚಿತವಾಗಿ ಹಾಕುವ ಲಸಿಕೆಯೇ ಗತಿ.

ಹಳೆಯ ಪರದೆಯ ಮೇಲೆ ಆ ಖಾನೆ ಯಾವಾಗಲೂ ಒಂದೇ ಜಾಗದಲ್ಲಿರುತ್ತಿತ್ತು. ಫ್ಯಾಕ್ಸ್ ಎನ್ನುವ ಇಂಗ್ಲಿಷ್ ಮಾತು ಕಣ್ಣಿಗೆ ಚುಚ್ಚಬಾರದೆಂದು ಒಂದು ದಿನ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಅದರ ಮೇಲೆ ಅಂಟಿಸಿದೆ. ಅಂದಿನಿಂದ ಅದು ನಮಗೆ ಮಂದೆ ಖಾನೆ. ಬೊಟ್ಟಿನಡಿ ಏನು ಬರೆದಿತ್ತೆಂಬುದನ್ನು ನಾನು ಪೂರ್ತಿ ಮರೆತೇಬಿಟ್ಟೆ.

ದಾಸ್ತಾನು, ಖರೀದಿ, ಸದಸ್ಯರ ಪಟ್ಟಿ, ಸಂಬಳ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಂಥ ಸಾಫ್ಟ್‌ವೇರಿಗೆ ಇಆರ್‌ಪಿ ಎನ್ನುತ್ತಾರೆ. ನಮ್ಮದನ್ನು ಮಾಡಿಕೊಟ್ಟವರು ತುಮಕೂರಿನಲ್ಲಿ ಮಹಡಿಯ ಮೇಲೆ ಕೋಣೆ ಹಿಡಿದಿದ್ದ ಅಣ್ಣತಮ್ಮಂದಿರು. ಏನಾದರೂ ಕೆಟ್ಟರೆ ಮಧುಗಿರಿ ಬಸ್ಸು ಹತ್ತಿ ಬಂದು ಸರಿಮಾಡಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಶಿರಾ, ಕೊರಟಗೆರೆ, ಪಾವಗಡದಲ್ಲಿದ್ದ ಸಂಘದ ಮಳಿಗೆಗಳಲ್ಲಿ ಒಂದೊಂದು ಕಡೆ ಒಂದೊಂದು ಕಂಪನಿಯ ಸಾಫ್ಟ್‌ವೇರು. ಒಂದರ ಪಟ್ಟಿ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಆಮೇಲೆ ಈ ವ್ಯಾಪಾರ ಬೆಳೆಯಿತು. ಬೆಳೆದ ಹಾಗೆ ದೊಡ್ಡವರು ಚಿಕ್ಕವರನ್ನು ಕೊಳ್ಳುತ್ತಾ ಬಂದರು. ಅಣ್ಣತಮ್ಮಂದಿರನ್ನು ಬೆಂಗಳೂರಿನವರು ಕೊಂಡರು, ಅವರನ್ನು ಮುಂಬೈಯವರು, ಅವರನ್ನು ಹೊರದೇಶದ ಯಾರೋ. ಉಳಿದ ಮೂರು ಮಳಿಗೆಯ ಕಂಪನಿಗಳೂ ಕೊನೆಗೆ ಅವರದೇ ಪಾಲಾದವು. ನಾನು ಕದಲದೆ ಅದೇ ಕುರ್ಚಿಯಲ್ಲಿ ಕೂತಿದ್ದೆ, ಪರದೆಯ ಮೂಲೆಯಲ್ಲಿ ಕಂಪನಿಯ ಗುರುತು ಮಾತ್ರ ಬದಲಾಗುತ್ತಿತ್ತು. ಕೊನೆಗೆ ಪತ್ರ ಬಂತು: ಹಳೆಯದೆಲ್ಲ ನಿಲ್ಲುತ್ತದೆ, ನಾಲ್ಕೂ ಮಳಿಗೆಗೆ ಒಂದೇ ಸಾಫ್ಟ್‌ವೇರು.

ಅದನ್ನು ಕೂರಿಸಲು ಬಂದ ಎಂಜಿನಿಯರ್ ನನ್ನ ವಯಸ್ಸಿನ ಹೆಂಗಸು. ಕಂಪನಿಯ ಮಾಲೀಕರು ಬದಲಾದಂತೆಲ್ಲ ತನ್ನ ಕೊರಳಲ್ಲಿ ತೂಗುವ ಕಾರ್ಡಿನ ದಾರ ಒಂದು ವರ್ಷದಲ್ಲಿ ಮೂರು ಬಣ್ಣ ಕಂಡಿದೆ ಎಂದು ನಗುತ್ತಾ ಹೇಳಿದರು. ನನಗೆ ಅವರು ಹಿಡಿಸಿದರು, ಅವರ ಸಾಫ್ಟ್‌ವೇರು ಹಿಡಿಸಲಿಲ್ಲ. ತಮ್ಮ ಊರಿಗೆ ಮರಳಿದ ಮೇಲೆ ಅವರು ಫೋನ್ ಮಾಡಿ ಒಂದೊಂದೇ ಖಾನೆಯ ಬಗ್ಗೆ ಕೇಳುತ್ತಾ ಹೋದರು. ನಾನು ಹಿಂಡಿಯ ಲಾರಿ ಇಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದೆ.

“ಮೇಡಂ, ಫ್ಯಾಕ್ಸ್ ನಂಬರ್ ಖಾನೆ ಹೊಸದರಲ್ಲಿ ಇಲ್ಲ. ಬಿಟ್ಟುಬಿಡಲಾ?”

“ಈ ಕಾಲದಲ್ಲಿ ಯಾರಿಗ್ರೀ ಬೇಕು ಫ್ಯಾಕ್ಸು? ತೆಗೆದಾಕಿ ಅತ್ಲಾಗೆ” ಎಂದೆ. ಜಾಣತನದ ಮಾತಾಡಿದೆನೆಂಬ ಹೆಮ್ಮೆ ಬೇರೆ.

ಸೋಮವಾರ ಹೊಸ ಪರದೆ ತೆರೆದರೆ ನಾಲ್ಕೂ ತಾಲ್ಲೂಕಿನ ಸದಸ್ಯರು ಒಂದೇ ಪಟ್ಟಿಯಲ್ಲಿ ನೀಟಾಗಿ ಕೂತಿದ್ದರು. ಯಾವ ಮಂದೆ ಎಲ್ಲಿದೆ ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಹಳೆಯ ಪರದೆ ತೆರೆದರೆ ಖಾನೆಗಳೆಲ್ಲ ಖಾಲಿ, ಅದರ ಮೇಲಿನ ಬೊಟ್ಟು ಕಿತ್ತು ನೋಡಿದೆ. ಅಂಟಿನ ಕಲೆಯ ನಡುವೆ ಫ್ಯಾಕ್ಸ್ ಎಂದಿತ್ತು. ಎಂಜಿನಿಯರಿಗೆ ಫೋನ್ ಮಾಡಿದೆ. ಹಳೆಯ ಕಂಪನಿಯ ಸರ್ವರನ್ನು ಶನಿವಾರವೇ ಅಳಿಸಿ ಮುಚ್ಚಿದ್ದರಂತೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಲಸಿಕೆ ಬಂದು ಫ್ರಿಜ್ಜಿನಲ್ಲಿತ್ತು. ಆಕಾಶದಲ್ಲಿ ಆಗಲೇ ಮೋಡ. ಮೂರು ದಿನ ಕೂತು ಫೋನ್ ಮಾಡಿ ಮಾಡಿ ಗಂಟಲು ಕಟ್ಟಿತು. ಕೊಳಾಲದ ಕಡೆಯವರು ಸಿಕ್ಕರು, ಮಿಡಿಗೇಶಿ ಕಡೆ ಹೋದವರು ಸಿಕ್ಕರು. ಕೊನೆಗೆ ಉಳಿದದ್ದು ಒಂದೇ ಮಂದೆ, ದೊಡ್ಡೇರಿ ಕಡೆಯ ಒಬ್ಬ ಅಜ್ಜಿಯದು. ಆಕೆಯ ಬಳಿ ಫೋನಿಲ್ಲ. ಮುಂದಿನ ಹೊಲ ಯಾವುದೆಂದು ಯಾರಿಗೂ ಹೇಳಿ ಹೋಗುವವಳಲ್ಲ. ಬಾಯಿಬಿಟ್ಟು ಹೇಳಿದರೆ ತೋಳ ಕೇಳಿಸಿಕೊಂಡು ಮೊದಲೇ ಹೋಗಿ ಕೂತಿರುತ್ತದೆ ಎನ್ನುವುದು ಅವರ ಮನೆತನದ ನಂಬಿಕೆ. ಆಕೆ ಬಂದಿಳಿದ ಮೇಲೆ ಹೊಲದವರು ನಮಗೆ ತಿಳಿಸಬೇಕು, ನಾನು ಬರೆದುಕೊಳ್ಳಬೇಕು. ಹಿಂದಿನ ಮಳೆಗಾಲದಲ್ಲಿ ಕರುಳುಬೇನೆಗೆ ಅರ್ಧ ಮಂದೆ ಕಳೆದುಕೊಂಡು ನಮ್ಮ ಮಳಿಗೆಯ ಮೆಟ್ಟಿಲ ಮೇಲೆ ಕೂತಿದ್ದವಳು ಅವಳೇ. ಉಳಿದ ಅರ್ಧವೂ ಹೋದರೆ ಆ ಮುಖವನ್ನು ಮತ್ತೆ ಹೇಗೆ ನೋಡಲಿ? ನನಗೆ ಊಟ ಸೇರಲಿಲ್ಲ. ತಪ್ಪು ಕಂಪನಿಯದಲ್ಲ, ನನ್ನದೇ.

ಗುರುವಾರ ಬೆಳಗ್ಗೆ ಸುಮ್ಮನೆ ಅಜ್ಜಿಯ ಹೆಸರು ಒತ್ತಿ ನೋಡುತ್ತಿದ್ದೆ. ವೆಬ್‌ಸೈಟ್ ಎನ್ನುವ ಖಾನೆಯಲ್ಲಿ ಏನೋ ಬರೆದಿತ್ತು. ಎರಡು ಹಲ್ಲಿನ ಆ ಅಜ್ಜಿಗೆ ಎಲ್ಲಿಯ ವೆಬ್‌ಸೈಟು ಎಂದು ಕನ್ನಡಕ ಒರೆಸಿಕೊಂಡು ಓದಿದೆ. ಪಾವಗಡದ ಹತ್ತಿರದ ಒಂದು ಕೆರೆಯ ಹಿಂದಿನ ಕಡಲೆಕಾಯಿ ಹೊಲ, ಹೊಲದವರ ಫೋನ್ ನಂಬರ್. ಕೂಡಲೇ, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವ ಪಾವಗಡದ ಮಳಿಗೆಯವನಿಗೆ ಫೋನ್ ಮಾಡಿದೆ.

“ಹೌದಕ್ಕಾ, ಮೊನ್ನೆ ಜಂತುಹುಳದ ಔಷ್ದಿಗೆ ಬಂದಿತ್ತು ಕದಾ ಆ ಅವ್ವ. ನಾನೇ ಬರ್ದೆ. ಮೊದ್ಲು ಫ್ಯಾಕ್ಸ್‌ನಲ್ಲಿ ಬರೀತಿದ್ದೆ, ಅದನ್ನ ಯಾವ ಪುಣ್ಯಾತ್ಮರೋ ತೆಗೆದಾಕವ್ರೆ. ಖಾಲಿ ಇದ್ದಿದ್ದು ಇದೊಂದೇ.”

ಆ ಪುಣ್ಯಾತ್ಮಳು ನಾನೇ ಎಂದು ಹೇಳುವ ಧೈರ್ಯ ಆಗ ಬರಲಿಲ್ಲ. ಇಷ್ಟು ವರ್ಷ ಅವನೂ ಅಲ್ಲಿಯ ಸಾಫ್ಟ್‌ವೇರಿನ ಫ್ಯಾಕ್ಸ್ ಖಾನೆಯಲ್ಲಿ ಅದನ್ನೇ ಬರೆಯುತ್ತಿದ್ದ, ನಾನೂ ಬರೆಯುತ್ತಿದ್ದೆ. ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಹಳೆಯ ಕಾಲವಾಗಿದ್ದರೆ ಅವನು ಬರೆದದ್ದು ಪಾವಗಡದಲ್ಲೇ ಕೊಳೆಯುತ್ತಿತ್ತು. ನಾಲ್ಕು ಪಟ್ಟಿ ಒಂದಾದದ್ದರಿಂದಲೇ ನನ್ನ ಕಣ್ಣಿಗೆ ಬಿತ್ತು. ಮೂರು ದಿನದಿಂದ ಶಪಿಸುತ್ತಿದ್ದ ಆ ಹೊಸ ಪರದೆಗೆ ಮನಸ್ಸಿನಲ್ಲೇ ಕೈಮುಗಿದೆ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಗಿ ಫೋನ್ ಹಿಡಿದುಕೊಂಡೇ ಅತ್ತೆ.

“ಏಮಕ್ಕಾ, ಅಳ್ತಿದೀಯಾ?” ಎಂದ.

“ನೆಗಡಿ ಕಣಪ್ಪ” ಎಂದೆ.

ಸಂಘದ ಡಾಕ್ಟರ ಜೀಪಿನಲ್ಲಿ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಅಜ್ಜಿ ಬೇವಿನ ಮರದಡಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಕುರಿಗಳೆಲ್ಲ ಗಟ್ಟಿಮುಟ್ಟಾಗಿದ್ದವು. ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದಳು.

“ನಾನು ಇಲ್ಲಿರಾದು ನಿಂಗೆ ಯಾರವ್ವ ಹೇಳ್ದೋರು?”

ನಡೆದದ್ದನ್ನೆಲ್ಲ ಒಪ್ಪಿಸಿದೆ. ನನ್ನ ತಪ್ಪನ್ನೂ ಬಿಡಲಿಲ್ಲ. ಡಾಕ್ಟರು ಒಂದೊಂದೇ ಕುರಿಗೆ ಸೂಜಿ ಹಾಕುತ್ತಿದ್ದರು, ಅಜ್ಜಿ ಕುರಿಯ ಕಾಲು ಹಿಡಿದುಕೊಂಡೇ ಕೇಳುತ್ತಿದ್ದಳು.

“ಅಂಗಾರೆ ನಾನು ಸಿಗ್ನಿಲ್ಲ ಅಂತ ಮೂರು ದಿನ ಉಣ್ನಿಲ್ವಾ ನೀನು?”

“ಉಂಡೆ ಅಜ್ಜಿ, ಸೇರ್ಲಿಲ್ಲ.”

ಆಕೆ ಮುಂದಿನ ಕುರಿಯ ಕಾಲು ಹಿಡಿದಳು. ಕೊನೆಯ ಮರಿಗೂ ಲಸಿಕೆ ಬಿತ್ತು. ಜೀಪು ಹತ್ತುವಾಗ ನಾಲ್ಕು ಹನಿ ಉದುರಿದವು. ಬರಲಿ ಬಿಡು, ಇನ್ನು ಎಷ್ಟು ಬೇಕಾದರೂ ಬರಲಿ ಎನಿಸಿತು.

ಆ ಹೊತ್ತಿಗೆ ಎಂಜಿನಿಯರ್ ಫೋನ್ ಬಂತು. ಅವರ ಕಂಪನಿಯನ್ನು ಮತ್ತೆ ಯಾರೋ ಕೊಳ್ಳುತ್ತಿದ್ದಾರಂತೆ, ದಾರಕ್ಕೆ ನಾಲ್ಕನೆಯ ಬಣ್ಣ. ಅದಕ್ಕೆ ಮುಂಚೆ ನಮ್ಮದೊಂದು ಕೆಲಸ ಮುಗಿಸಿದ್ದರು. ವೆಬ್‌ಸೈಟ್ ಎಂಬ ಹೆಸರು ತೆಗೆದು ಕನ್ನಡದಲ್ಲೇ ಮಂದೆ ಎಂದು ಹಾಕಿದ್ದೇನೆ, ಇನ್ನು ಯಾರು ಕೊಂಡರೂ ನಿಮಗೆ ತೊಂದರೆಯಿಲ್ಲ ಮೇಡಂ ಎಂದರು. ಸ್ಟಿಕ್ಕರ್ ಬೊಟ್ಟಿನ ಖರ್ಚು ಉಳಿಯಿತು ಎಂದೆ.

ಅಷ್ಟರಲ್ಲಿ ಅಜ್ಜಿ ಜೀಪಿನ ಹತ್ತಿರ ಬಂದಳು. ಹೊಲದ ಬದುವಿನ ಕಡೆ, ಬೇಲಿಯ ಕಡೆ, ಒಮ್ಮೆ ಹಿಂದಕ್ಕೆ ಕಣ್ಣಾಡಿಸಿದಳು. ನನ್ನ ತಲೆಯನ್ನು ಕಿಟಕಿಯಿಂದ ಹೊರಗೆ ಎಳೆದುಕೊಂಡು, ಎಲೆ ಅಡಿಕೆಯ ವಾಸನೆಯ ಬಾಯಿಯನ್ನು ಕಿವಿಗೆ ತಾಗಿಸಿ, ಮುಂದಿನ ಹೊಲ ಯಾವುದೆಂದು ಹೇಳಿದಳು.

“ಮೆತ್ತಗೆ ಬರ್ಕೋ” ಎಂದಳು.