ಹೊಸ್ತಿಲು ದಾಟಿ ಬಂದ ನೀರು

ಕಳೆದ ವಾರ ಮಜ್ಜಿಗೆಗೆ ಹಾಕಲೆಂದು ಕಾಲಾ ನಮಕ್ ಪೊಟ್ಟಣ ಕತ್ತರಿಸಿದೆ. ಕೊಳೆತ ಮೊಟ್ಟೆಯಂಥ ವಾಸನೆ. ಮಗಳು ಜಪಾನಿಯಲ್ಲಿ "ಕುಸಾಯಿ, ನಾತ!" ಎಂದು ಮೂಗು ಮುಚ್ಚಿಕೊಂಡು ಓಡಿದಳು. ನಾನು ಪೊಟ್ಟಣ ಹಿಡಿದು ಹಾಗೇ ನಿಂತೆ... ಟೋಕಿಯೋದ ನಿಶಿ ಕಸಾಯಿಯ ಈ ಅಡುಗೆಮನೆಯಿಂದ ಬಹಳ ದೂರ, ಜಪಾನಿನ ಉತ್ತರದ ಒಂದು ಕೊಲ್ಲಿ, ಅಲ್ಲಿನ ಪುಟ್ಟ ದೋಣಿ, ಅದನ್ನು ನಡೆಸುತ್ತಿದ್ದ ಸೆಂಚೋ-ಸಾನ್ ನೆನಪಾದರು. ಸೆಂಚೋ ಎಂದರೆ ದೋಣಿಯ ನಾಯಕ, ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ.

ವೈಟೂಕೆ ಗಲಾಟೆಯ ಕಾಲ, ಇಸವಿ ಎರಡು ಸಾವಿರಕ್ಕೆ ತಿರುಗಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ಭಯ. ಮೈಸೂರಿನಿಂದ ಬಂದು ಟೋಕಿಯೋದ ಕಂಪನಿಯೊಂದರಲ್ಲಿದ್ದ ನನ್ನನ್ನು ಆ ಕೊಲ್ಲಿಯ ದಡದ ಮೀನುಗಾರಿಕೆ ಕೇಂದ್ರಕ್ಕೆ, ಹಳೆಯ ಪ್ರೋಗ್ರಾಮುಗಳ ತಾರೀಖು ಸರಿಪಡಿಸಲು ಕಳಿಸಿದರು. ಸೆಂಚೋ-ಸಾನ್ ಅಲ್ಲಿ ಇಪ್ಪತ್ತು ವರ್ಷಗಳಿಂದ ಪ್ರತಿ ಸೋಮವಾರ ಕೊಲ್ಲಿಯ ತಳದ ನೀರನ್ನು ಬಾಟಲಿಯಲ್ಲಿ ಎತ್ತಿ ಪರೀಕ್ಷಿಸುತ್ತಿದ್ದರು. ನನ್ನ ಹೆಸರಿಗೆ ಅವರ ನಾಲಿಗೆ ಹೊರಳಲಿಲ್ಲ. "ಮೈಸೂರು-ಸಾನ್" ಎಂದೇ ಕರೆದರು.

ಮೊದಲ ಸಲ ದೋಣಿಯಲ್ಲಿ ಕರೆದೊಯ್ದಾಗ ಬಾಟಲಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು. ಇದೇ ವಾಸನೆ.

"ಕೊಲ್ಲಿಯ ಬಾಯಲ್ಲಿ ನೀರಿನಡಿ ಒಂದು ದಿಬ್ಬ ಇದೆ, ಹೊಸ್ತಿಲಿನ ಹಾಗೆ. ಹೊರಗಿನ ನೀರು ತಣ್ಣಗೆ, ಭಾರವಾಗಿದ್ರೆ ಮಾತ್ರ ಅದನ್ನ ದಾಟಿ ತಳಕ್ಕಿಳಿಯುತ್ತೆ. ಹಳೇ ನೀರನ್ನ ಎಬ್ಬಿಸುತ್ತೆ. ಎರಡು ಚಳಿಗಾಲದಿಂದ ಹೊರಗೆ ಬರೀ ಬೆಚ್ಚಗಿನ ನೀರು. ಅದು ಮೇಲೇ ಉಳಿಯುತ್ತೆ. ತಳಕ್ಕೆ ಉಸಿರೇ ಇಲ್ಲ."

ಹಗ್ಗಕ್ಕೆ ಕಟ್ಟಿ ಬೆಳೆಸುವ ಚಿಪ್ಪುಮೀನೇ ಆ ಊರಿನ ಬದುಕು. ಕೆಳಗಿನ ಹಗ್ಗಗಳಲ್ಲಿದ್ದವು ಆಗಲೇ ಸತ್ತಿದ್ದವು.

ಜನವರಿ ಒಂದು ಸುಸೂತ್ರವಾಗಿ ಕಳೆಯಿತು. ನನಗೆ ಹೆಮ್ಮೆಯೋ ಹೆಮ್ಮೆ. ನೀರಿನೊಳಗಿನ ಯಂತ್ರವೇ ಅಳೆದು ಕಂಪ್ಯೂಟರಿಗೆ ಕಳಿಸುವಾಗ ಸೋಮವಾರದ ದೋಣಿ ಯಾಕೆ ಎಂದು ಕೇಂದ್ರದ ಮುಖ್ಯಸ್ಥರು ಅದನ್ನು ನಿಲ್ಲಿಸಿಬಿಟ್ಟರು. ಸೆಂಚೋ-ಸಾನ್ ತಲೆಬಾಗಿ "ಹಾಯ್", ಆಗಲಿ, ಎಂದರು, ಅಷ್ಟೇ.

ಮಾರ್ಚ್ ಬಂದರೂ ತಳದಲ್ಲಿ ಆಮ್ಲಜನಕವಿಲ್ಲ ಎಂದೇ ಪರದೆ ಹೇಳುತ್ತಿತ್ತು. ಈ ವರ್ಷ ಯಾರೂ ಹಗ್ಗ ಇಳಿಸಬೇಡಿ ಎಂದು ಸಾರಲು ಮುಖ್ಯಸ್ಥರು ಬೆಳೆಗಾರರ ಸಭೆ ಕರೆದರು. ಅಂದು ಬೆಳಿಗ್ಗೆ ಸೆಂಚೋ-ಸಾನ್ ಒಂದು ಬಕೆಟ್ ನೀರು ತಂದು ನನ್ನ ಮೇಜಿನ ಪಕ್ಕ ಇಟ್ಟರು.

"ಕೈ ಹಾಕಿ ನೋಡಿ."

ಹಾಕಿದವಳು ತಟ್ಟನೆ ತೆಗೆದೆ. ಕೊರೆಯುವಷ್ಟು ತಣ್ಣಗಿತ್ತು.

"ಕೊಲ್ಲಿಯ ಹೊರಗಿನ ನೀರು ಇದು. ಬರ್ತೀರಾ?"

ಹೋದೆವು. ತಳದಿಂದ ಬಾಟಲಿ ಮೇಲೆ ಬಂತು, ವಾಸನೆಯಿಲ್ಲ. ಅವರು ಎರಡು ಔಷಧಿಗಳ ಹನಿ ಹಾಕಿದರು. ಉಸಿರಿಲ್ಲದ ನೀರಾದರೆ ಒಳಗೆ ಬೆಳ್ಳಗೆ ಗಸಿ ಕಟ್ಟುತ್ತದೆ. ದೋಣಿ ನಿಲ್ಲುವವರೆಗೆ ಪ್ರತಿ ಸಲ ಅದನ್ನೇ ನೋಡಿದ್ದೆ. ಈ ಸಲ ನೋಡನೋಡುತ್ತಿದ್ದಂತೆ ಇಡೀ ಬಾಟಲಿ ಗಟ್ಟಿ ಕಾಫಿಯ ಬಣ್ಣಕ್ಕೆ ತಿರುಗಿತು. ನಾನು ದೋಣಿ ಅಲ್ಲಾಡುವಂತೆ ಕುಣಿದುಬಿಟ್ಟೆ. ಸೆಂಚೋ-ಸಾನ್ ಟೋಪಿ ತೆಗೆದು ಸಮುದ್ರದ ಕಡೆಗೆ ಆಳವಾಗಿ ಬಾಗಿದರು.

ದಡಕ್ಕೆ ಬಂದು ಪ್ರೋಗ್ರಾಮು ತೆರೆದೆ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ ಎಂದು ಬರೆದವಳು, ಎರಡು ಸಾವಿರದಂತೆ ನಾನೂರರಿಂದ ಭಾಗವಾದರೆ ಹೌದೆಂಬುದನ್ನು ಮರೆತಿದ್ದೆ. ಫೆಬ್ರವರಿ ಇಪ್ಪತ್ತೊಂಬತ್ತನ್ನು ಒಪ್ಪದೆ ಅದು ಅಲ್ಲೇ ನಿಂತು, ಇಪ್ಪತ್ತೆಂಟನೇ ತಾರೀಖಿನ ಆಮ್ಲಜನಕದ ಅಂಕಿಯನ್ನೇ ದಿನವೂ ತೋರಿಸುತ್ತಿತ್ತು. ಆ ಸಾಲನ್ನು ತೋರಿಸಿ ಎಲ್ಲ ಹೇಳಿದೆ. ಸೆಂಚೋ-ಸಾನ್ ಬಯ್ಯಲಿಲ್ಲ.

"ಬನ್ನಿ, ಇಬ್ಬರೂ ಹೋಗಿ ಹೇಳೋಣ."

ಸಭೆಯಲ್ಲಿ ನಾನು "ಸುಮಿಮಾಸೆನ್" ಎಂದು ಬಾಗಿ ನನ್ನ ತಪ್ಪು ಒಪ್ಪಿಕೊಂಡೆ. ಅವರು ಆ ಬಾಟಲಿಯನ್ನು ಮೇಜಿನ ನಡುವೆ ಇಟ್ಟರು. ಹಿಂದಿನ ಸಾಲಿನಿಂದ ಬೆಳೆಗಾರ್ತಿಯೊಬ್ಬರು ಎದ್ದರು. "ಹಾಗಾದ್ರೆ ಕೂತಿರೋದ್ಯಾಕೆ? ನಡೀರಿ, ಹಗ್ಗ ಇಳಿಸೋಣ!" ಕೊಠಡಿಯೆಲ್ಲ ಚಪ್ಪಾಳೆ. ಸೋಮವಾರದ ದೋಣಿ ಮತ್ತೆ ಹೊರಡಲಿ ಎಂದು ಮುಖ್ಯಸ್ಥರೇ ಹೇಳಿದರು.

ಮುಂದಿನ ವರ್ಷ ಟೋಕಿಯೋಗೆ ಸೆಂಚೋ-ಸಾನ್ ಕಳಿಸಿದ ಒಂದು ಪಾರ್ಸೆಲ್ ಬಂತು. ಅಂಗೈಗಿಂತ ದೊಡ್ಡ ಚಿಪ್ಪುಗಳು, ತೊಳೆದು ಒಣಗಿಸಿದವು. ಜೊತೆಗೊಂದು ಚೀಟಿ: "ನೀವು ತಿನ್ನಲ್ಲ ಅಂತ ಗೊತ್ತು. ಗಾತ್ರ ನೋಡಿ."

ಅವರು ತೀರಿಹೋಗಿ ಮೂರು ವರ್ಷವಾಯಿತು. ಮೊನ್ನೆ ಅವರ ಹೆಂಡತಿಗೆ ಫೋನ್ ಮಾಡಿದೆ. ಈಗೀಗ ಹೊರಗಿನ ನೀರು ಬೆಚ್ಚಗೇ ಇರುತ್ತದಂತೆ, ತಳ ವರ್ಷಗಟ್ಟಲೆ ಅಲುಗುವುದಿಲ್ಲವಂತೆ. ಈ ಚಳಿಗಾಲ ಮಾತ್ರ ತಣ್ಣನೆಯ ನೀರು ಹೊಸ್ತಿಲು ದಾಟಿ ಒಳಗೆ ಬಂತಂತೆ.

"ಕೇಂದ್ರದವರು ಬಂದು ಹೇಳಿದ್ರು. ಖುಷಿಯಾಗಿ, ಇವರಿಗೆ ಹೇಳೋಣ ಅಂತ ಒಳಗೆ ಎದ್ದು ಹೋದೆ..."

ಫೋನ್ ಇಟ್ಟ ಮೇಲೆ ಆ ಚಿಪ್ಪುಗಳಲ್ಲೊಂದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡೆ.