ಚಿಕ್ಕಬಾಣಾವರದಲ್ಲಿ ಇನ್ನೂ ತಿರುಗುತ್ತಿರುವ ಚಕ್ರ

ಲೋಕೇಶ್, ನಿಮ್ಮ ಬೇರಿಂಗ್ ಕೆಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದೆ.

ಇದನ್ನು ಎದುರು ಕೂತು ಹೇಳಬೇಕಿತ್ತು. ಹೇಳಲೆಂದೇ ಕಳೆದ ವಾರ ನಿಮ್ಮ ಅಂಗಡಿಗೆ ಬಂದಿದ್ದೆ — ಆಗಲಿಲ್ಲ. ಈಗ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀವೊಬ್ಬರೇ ಓದಿದರೆ ಸಾಲದು.

ಸೋಲದೇವನಹಳ್ಳಿಯಲ್ಲಿ ನಿಮ್ಮ ಅಜ್ಜಿಯ ಹಳೆಯ ಮನೆಯ ನಡುಮನೆಯೇ ನಮ್ಮ ಪ್ರಯೋಗಶಾಲೆ. ನಾವು ಕಟ್ಟುತ್ತಿದ್ದ ನೌಕೆ ಅಕ್ಕಿ ಡಬ್ಬಕ್ಕಿಂತ ದೊಡ್ಡದಲ್ಲ. ಬೇರೆಯವರ ರಾಕೆಟ್ಟಿನಲ್ಲಿ ಉಳಿದ ಮೂಲೆಯೊಂದರಲ್ಲಿ ಕೂತು ಹೋಗಬೇಕು, ಭೂಮಿಯ ಹತ್ತಿರ ಹಾದುಹೋಗುವ ಒಂದು ಕ್ಷುದ್ರಗ್ರಹದ ಪಕ್ಕದಿಂದ ಸಾಗಬೇಕು, ಚಿತ್ರ ತೆಗೆದು ಕಳಿಸಬೇಕು. ಅಂಥ ಕಲ್ಲುಗಳು ಲೆಕ್ಕವಿಲ್ಲದಷ್ಟಿವೆ. ಒಂದೊಂದಕ್ಕೂ ದೊಡ್ಡ ನೌಕೆ ಕಳಿಸುವುದು ಯಾರಿಂದಲೂ ಆಗದು. ಚಿಕ್ಕದು, ಅಗ್ಗದ್ದು, ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳದ್ದು — ಅದೇ ನಮ್ಮ ವಾದ. ಆ ವಾದದ ಎದೆಯಲ್ಲಿದ್ದದ್ದು ನೀವು ಮಾಡಿದ ಚಕ್ರ. ನೌಕೆಯೊಳಗೆ ಚಕ್ರ ಒಂದು ಕಡೆ ತಿರುಗಿದರೆ ನೌಕೆ ಇನ್ನೊಂದು ಕಡೆ ತಿರುಗುತ್ತದೆ. ಕ್ಯಾಮೆರಾ ಎತ್ತ ನೋಡಬೇಕೆನ್ನುವುದು ಅದರ ಕೈಯಲ್ಲಿ. ಹೊರದೇಶದ್ದನ್ನು ಬಿಟ್ಟು ನೀವು ಪೀಣ್ಯದ ಕಾರ್ಖಾನೆಯೊಂದರ ಬೇರಿಂಗ್ ಹಾಕಿದಿರಿ.

"ಲೇತ್ ಮಿಷಿನ್ನಲ್ಲೇ ಸಾಯಲ್ಲ ಕಣ್ರೀ ಇದು, ಆಕಾಶದಲ್ಲಿ ಯಾಕ್ ಸಾಯುತ್ತೆ?" ಎಂದಿದ್ದಿರಿ. ಎಲ್ಲರೂ ನಕ್ಕಿದ್ದೆವು.

ನೌಕೆಯನ್ನು ತೂಗುಹಾಕಿ ಪರೀಕ್ಷಿಸಲು ನಮಗೆ ಸಿಕ್ಕಿದ್ದು ತೊಲೆಯಲ್ಲಿದ್ದ ತೊಟ್ಟಿಲ ಕೊಂಡಿ. ಹಗ್ಗ ಕಟ್ಟಲು ಜಾಗವಿದ್ದದ್ದು ತಳದಲ್ಲಿ ಮಾತ್ರ. ಹಾಗಾಗಿ ತಲೆಕೆಳಗಾಗಿ ತೂಗುಹಾಕಿದೆವು. ಅಜ್ಜಿ ಹೊಸಿಲಲ್ಲಿ ನಿಂತು ನೋಡಿದರು.

"ಕೂಸ್ನ ಇಂಗೆ ತಲೆಕೆಳಗಾಗಿ ನೇತಾಕಿದ್ರೆ ತಲೆ ಸುತ್ತಾಕಿಲ್ವೇನವ್ವಾ?"

ಕ್ಷುದ್ರಗ್ರಹದ ಪಾತ್ರಕ್ಕೂ ಅಜ್ಜಿಯದೇ ಕಲ್ಲು ಸಿಕ್ಕಿತು, ಒರಳಿನ ಗುಂಡು. ಮಕ್ಕಳ ನಾಮಕರಣದಲ್ಲಿ ತೊಟ್ಟಿಲಿಗೆ ಮಗುವಿಗಿಂತ ಮೊದಲು ಮಲಗುವ ಗುಂಡಪ್ಪ ಅದು. ಕಪ್ಪು ಬಣ್ಣ ಬಳಿದು, ತಳ್ಳುಗಾಡಿಯ ಮೇಲಿಟ್ಟು, ನಡುಮನೆಯ ಉದ್ದಕ್ಕೂ ಎಳೆಯುತ್ತಿದ್ದೆವು. ಕ್ಯಾಮೆರಾ ಅದನ್ನು ಬಿಡದೆ ಹಿಂಬಾಲಿಸಬೇಕು. ನಿಜವಾದ ಕಲ್ಲು ಹಾಯುವ ವೇಗಕ್ಕೆ, ನೋಡಿ ಆಮೇಲೆ ತಿರುಗುವಷ್ಟು ಹೊತ್ತಿರುವುದಿಲ್ಲ. ಯಾವ ಕಡೆಗೆ, ಎಷ್ಟು ಬೇಗ ತಿರುಗಬೇಕೆಂದು ಮೊದಲೇ ಹೇಳಿಟ್ಟಿರಬೇಕು. ಆ ಆದೇಶ ಬರೆಯುವವಳು ನಾನು. ತಲೆಕೆಳಗಾದ ನೌಕೆಗೆ ಎಡ ಬಲವಾಗುತ್ತದೆ, ಬಲ ಎಡ. ಆದ್ದರಿಂದ ಆದೇಶಕ್ಕೆ ಒಂದು ಮೈನಸ್, ಕಳೆ ಚಿಹ್ನೆ, ಸೇರಿಸಿದ್ದೆ. ನೌಕೆ ಇಳಿಸಿದ ಕೂಡಲೇ ತೆಗೆಯಬೇಕು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಬೇರೆ ಯಾರಿಗೂ ಅದರ ನೆನಪಿರಬೇಕಾಗಿಯೂ ಇರಲಿಲ್ಲ.

ಇಳಿಸಿದ ದಿನ ನಿಮಗೆ ನೆನಪಿದೆ. ಅಜ್ಜಿ ಹಾಗೇ ಕಳಿಸಲು ಒಪ್ಪಲಿಲ್ಲ. ಕೊಂಡಿಗೆ ಹೂ ಸುತ್ತಿದರು. "ಮೊದ್ಲು ಗುಂಡಪ್ಪ, ಆಮ್ಯಾಕೆ ಕೂಸು" ಎಂದು ಕಲ್ಲನ್ನು ಕೊಂಡಿಯ ಕೆಳಗೆ ಈ ಕಡೆಯಿಂದ ಆ ಕಡೆಗೆ ದಾಟಿಸಿದರು. ಕಿವಿಯಲ್ಲಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿನ್ನಲು ಸೋದರತ್ತೆ ಬೇಕಲ್ಲ? ತಂಡದಲ್ಲಿದ್ದ ಹೆಣ್ಣು ನಾನೊಬ್ಬಳೇ.

"ಬಾರವ್ವ, ನೀನೇ ಎಸ್ರು ಏಳು," ಎಂದರು ಅಜ್ಜಿ.

"ಮೇಡಂ, ಬೆನ್ನು ಗಟ್ಟಿ ಮಾಡ್ಕೊಳ್ಳಿ!" ಎಂದು ಯಾರೋ ಕೂಗಿದರು. "ಮೆತ್ತಗೆ ಗುದ್ದೋ ಮಗಾ, ನಾಳೆ ಕೋಡ್ ಬರೀಬೇಕು ಅವ್ರು" — ಅದು ನೀವು.

ನಾನು ಬಾಗಿದೆ. ನನ್ನ ಸ್ವಭಾವಕ್ಕೆ ಅಷ್ಟು ಕಣ್ಣುಗಳೇ ಹೆಚ್ಚು. ನೌಕೆಯ ಪಕ್ಕಕ್ಕೆ ಬಾಯಿ ತಂದು ಬರೀ ತುಟಿ ಅಲ್ಲಾಡಿಸಿದೆ, ಹೆಸರು ಹೇಳಲಿಲ್ಲ. ಬೆನ್ನ ಮೇಲೆ ಗುದ್ದು ಬಿತ್ತು, ನಗು ಎದ್ದಿತು. ನಾಚಿಕೆಯಿಂದ ಹಿತ್ತಿಲಿಗೆ ಹೋಗಿ ನಿಂತೆ. ಒಳಗೆ ಬರುವಷ್ಟರಲ್ಲಿ ನೌಕೆ ಪೆಟ್ಟಿಗೆ ಸೇರಿತ್ತು, ಎಲ್ಲರೂ ಪಾಯಸಕ್ಕೆ ಕೂತಿದ್ದರು. ನಾನೂ ಕೂತೆ. ಕಳೆ ಚಿಹ್ನೆ ಆದೇಶದಲ್ಲೇ ಉಳಿಯಿತು.

ಇದನ್ನು ನೆಪವೆಂದು ಹೇಳುತ್ತಿಲ್ಲ. ಮರೆವು ಯಾರಿಗಾದರೂ ಬರುತ್ತದೆ. ಆಮೇಲೆ ಮಾಡಿದ್ದು ಮರೆವಲ್ಲ.

ದಾರಿಯುದ್ದಕ್ಕೂ ನೌಕೆ ಸರಿಯಾಗಿಯೇ ಇತ್ತು. ಆ ಆದೇಶ ಕೆಲಸಕ್ಕೆ ಬರುವುದು ಕಲ್ಲಿನ ಹತ್ತಿರ ಮಾತ್ರ. ಮೊದಲ ಚಿತ್ರಗಳಲ್ಲಿ ಒಂದು ಚುಕ್ಕೆ. ಮುಂದಿನದರಲ್ಲಿ ಚುಕ್ಕೆ ದೊಡ್ಡದಾಯಿತು. ಅದರ ಮುಂದಿನದರಲ್ಲಿ ಅಂಚಿಗೆ ಸರಿಯಿತು — ಆಮೇಲೆ ಬರೀ ಕಪ್ಪು. ಕೊನೆಯವರೆಗೂ ಕಪ್ಪು.

ನೌಕೆಯ ರೇಡಿಯೋ ಸಣ್ಣದು, ಚಕ್ರದ ವಿವರ ತುಣುಕು ತುಣುಕಾಗಿ ವಾರಗಟ್ಟಲೆ ಬಂತು. ಓದುತ್ತಿದ್ದವಳು ನಾನೊಬ್ಬಳೇ. ಲೋಕೇಶ್, ನಿಮ್ಮ ಚಕ್ರ ಎಷ್ಟು ಚೆನ್ನಾಗಿ ತಿರುಗಿತ್ತು ಗೊತ್ತೇ? ನಾನು ಹೇಳಿದ ಹೊತ್ತಿಗೆ, ಹೇಳಿದ ವೇಗದಲ್ಲಿ, ಒಂದಿಷ್ಟೂ ನಡುಗದೆ — ನಾನು ಹೇಳಿದ ದಿಕ್ಕಿಗೇ. ಕಲ್ಲು ಒಂದು ಕಡೆ ಹೋಯಿತು. ನಾವು ಇನ್ನೊಂದು ಕಡೆ ನೋಡುತ್ತಿದ್ದೆವು.

ಹೆಬ್ಬಾಳದ ಕಚೇರಿಯಲ್ಲಿ ಸಭೆ. ನಮ್ಮ ಮುಖ್ಯಸ್ಥರು ನನ್ನನ್ನೇ ಕೇಳಿದರು: "ಚಕ್ರದ ಡೇಟಾ ಏನ್ ಹೇಳುತ್ತಮ್ಮಾ?"

"ಆ ಹೊತ್ತಿನ ಡೇಟಾ ಪೂರ್ತಿ ಬಂದಿಲ್ಲ ಸರ್."

ಇಷ್ಟೇ. ಇಷ್ಟೇ ಹೇಳಿದ್ದು. ನಿಮ್ಮ ಹೆಸರನ್ನು ನಾನು ಎತ್ತಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಎತ್ತಬೇಕಾದ ಅಗತ್ಯವೇ ಬರಲಿಲ್ಲ. ನೀವೇ ಎದ್ದು ನಿಂತಿರಿ. "ಹಾಗಾದ್ರೆ ನನ್ ಬೇರಿಂಗೇ ಹಿಡ್ಕೊಂಡಿರ್ಬೇಕು ಸರ್. ಇನ್ನೇನಿರುತ್ತೆ?"

ಆಗ ಬಾಯಿ ತೆರೆಯಬಹುದಿತ್ತು. ನಾನು ಕಿಟಕಿಯಾಚೆಗೆ ಫ್ಲೈಓವರ್ ನೋಡುತ್ತಿದ್ದೆ.

ಅಗ್ಗದ್ದು ಅಗ್ಗದ್ದೇ ಎಂದು ಹಣ ಕೊಟ್ಟವರು ಅಂದರು. ಪೀಣ್ಯದ ಬೇರಿಂಗ್ ತಂಡದಲ್ಲಿ ಒಂದು ಹಾಸ್ಯದ ಮಾತಾಯಿತು. ಆ ಹಾಸ್ಯಕ್ಕೆ ನಾನೂ ನಕ್ಕಿದ್ದೇನೆ. ನೀವು ಬಿಟ್ಟು ಹೋದಿರಿ. ಈಗ ಎರಡನೆಯ ನೌಕೆಗೆ ಹೊರದೇಶದ ಚಕ್ರ ಬರಲಿದೆ. ಅದೊಂದರ ಬೆಲೆಗೆ ಇನ್ನೊಂದು ನೌಕೆಯನ್ನೇ ಕಳಿಸಬಹುದಿತ್ತು, ಇನ್ನೊಂದು ಕಲ್ಲನ್ನು ನೋಡಬಹುದಿತ್ತು. ಆ ತೀರ್ಮಾನದ ಕಾಗದಕ್ಕೆ ನನ್ನ ಸಹಿ ಬೇಕೆಂದಾಗ ಕೈ ಏಳಲಿಲ್ಲ. ಅದಕ್ಕೇ ಬಂದೆ.

ಚಿಕ್ಕಬಾಣಾವರ ಸ್ಟೇಷನ್ ರಸ್ತೆ, ಪಂಪ್ ಮೋಟರ್ ರಿಪೇರಿ ಅಂಗಡಿ. ಬಾಗಿಲು ಮುಚ್ಚದಂತೆ ಅಡ್ಡ ಇಟ್ಟದ್ದು ಗುಂಡಪ್ಪ. ಕಪ್ಪು ಬಣ್ಣ ಅಲ್ಲಲ್ಲಿ ಉಳಿದಿತ್ತು. ಒಳಗೆ ಕುರ್ಚಿಯಲ್ಲಿ ಅಜ್ಜಿ. ನನ್ನ ಕೈ ಹಿಡಿದುಕೊಂಡು, "ನಮ್ ಲೋಕೇಸಂದೇ ತಪ್ಪಂತೆ. ನೀನ್ ಬ್ಯಾಸರ ಮಾಡ್ಕಬ್ಯಾಡ ಕಣವ್ವ" ಎಂದರು. ನನಗೆ ಸಮಾಧಾನ ಹೇಳಿದರು — ನನಗೆ.

ಮಾತು ತೆಗೆಯಬೇಕೆನ್ನುವಷ್ಟರಲ್ಲಿ ಆ ಸದ್ದು ಕೇಳಿಸಿತು. ಬೆಂಚಿನ ಮೂಲೆಯಲ್ಲಿ, ಗಾಜಿನ ಮುಚ್ಚಳದ ಕೆಳಗೆ, ನಮ್ಮ ನೌಕೆಗೆಂದು ಮಾಡಿದ ಜೋಡಿ ಚಕ್ರ. ನೌಕೆಗೆ ಹೋದದ್ದರ ಅವಳಿ. ತಿರುಗುತ್ತಿತ್ತು.

"ಕೆಲಸ ಬಿಟ್ಟಾಗಿಂದ ಓಡಿಸ್ತಿದೀನಿ. ಕರೆಂಟ್ ಹೋದ್ರೆ ಬ್ಯಾಟ್ರಿ ಇದೆ," ಎಂದು ನೀವು ನಕ್ಕಿರಿ. "ಯಾವತ್ತಾದ್ರೂ ನಿಲ್ಲುತ್ತಲ್ಲ, ಆಗ ಬಿಚ್ಚಿ ನೋಡಿದ್ರೆ ತಪ್ಪೆಲ್ಲಿ ಅಂತ ಗೊತ್ತಾಗುತ್ತೆ ಅಂತ. ಆದ್ರೆ ನಿಲ್ತಾನೇ ಇಲ್ಲ ಕಣ್ರೀ."

ಟೀ ಕುಡಿದು ಎದ್ದು ಬಂದೆ. ಯಲಹಂಕದ ನನ್ನ ಕೋಣೆಗೆ ಆ ಸದ್ದು ಜೊತೆಗೇ ಬಂತು. ಫ್ಯಾನ್ ಆರಿಸಿದರೂ ಕೇಳುತ್ತದೆ.

ಚಕ್ರದ ವಿವರಗಳನ್ನು, ಕಳೆ ಚಿಹ್ನೆ ಇರುವ ಆದೇಶವನ್ನು, ಇದೇ ಮಾತುಗಳನ್ನು ಈ ಬೆಳಿಗ್ಗೆ ಮುಖ್ಯಸ್ಥರಿಗೂ ತಂಡಕ್ಕೂ ಕಳಿಸಿದ್ದೇನೆ. ನನಗೇನಾಗುತ್ತದೋ ಆಗಲಿ. ಈಗ ಬಸ್ಸು ಹಿಡಿದು ನಿಮ್ಮಲ್ಲಿಗೆ ಬರುತ್ತಿದ್ದೇನೆ. ಇದನ್ನು ನಿಮ್ಮ ಕೈಗೇ ಕೊಡುತ್ತೇನೆ, ಅಜ್ಜಿಗೆ ಓದಿ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ.

ಒಂದೇ ಕೇಳುತ್ತೇನೆ. ಆ ಚಕ್ರವನ್ನು ನಿಲ್ಲಿಸಿ, ಲೋಕೇಶ್. ಅದರಲ್ಲಿ ಹುಡುಕುವಂಥದ್ದೇನೂ ಇಲ್ಲ.